ಇಲ್ಲಿ ಬಟನ್ ಒತ್ತಿದರೆ ಅಲ್ಲಿ ಟಿವಿ ಹತ್ತಿತು

ನಮ್ಮ ಅಕ್ಕನ ಮಗ ಕೆಳಗಿನ ಮನೆಯ ಹುಡುಗನಿಂದ ಒಂದು ಹಳೆಯ ಗೇಮ್ ಕಂಟ್ರೋಲರ್ ತಂದ. ವೈರ್ ಇಲ್ಲದ್ದು. ಆ ಹುಡುಗನಿಗೆ ಹೊಸದು ಬಂದಿತ್ತು, ಇವನಿಗೆ ಹಳೆಯದು ಸಿಕ್ಕಿತು. ಮೇಲಿನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತ. ಕಂಟ್ರೋಲರ್‌ನ ನಡುವಿನ ಬಟನ್ ಒತ್ತಿದ. ಅದರ ದೀಪ ಮಿನುಗಿತು. ಲ್ಯಾಪ್‌ಟಾಪ್ ಮಾತ್ರ ಏನೂ ಆಗಿಲ್ಲವೆಂಬಂತೆ ಸುಮ್ಮನಿತ್ತು. ಮತ್ತೆ ಒತ್ತಿದ. ಅಷ್ಟರಲ್ಲಿ ಕೆಳಗಿನಿಂದ ಅಜ್ಜಿ ಕೂಗಿದರು, "ಯಾರ್ರೋ ಅದು ಟಿವಿ ಹಾಕಿದ್ದು?"

ಕೆಳಗಿನ ಮನೆಯಲ್ಲಿ ಆಗ ಇದ್ದದ್ದು ಅಜ್ಜಿ ಒಬ್ಬರೇ.

ದೆವ್ವದ ಕತೆಯೇನೂ ಅಲ್ಲ. ಕಂಟ್ರೋಲರ್ ಕೈ ಬದಲಾಗಿತ್ತು, ಅದರ ನೆನಪು ಬದಲಾಗಿರಲಿಲ್ಲ, ಅಷ್ಟೇ. ಬಟನ್ ಒತ್ತಿದಾಗ ಅದು "ಇಲ್ಲಿ ಯಾರಾದರೂ ಇದ್ದೀರಾ?" ಎಂದು ಊರಿಗೆಲ್ಲ ಕೇಳುವುದಿಲ್ಲ. ತಾನು ಕೊನೆಗೆ ಯಾರ ಜೊತೆ ಪೇರ್ ಆಗಿತ್ತೋ, ಅಂದರೆ ಜೋಡಿ ಕಟ್ಟಿತ್ತೋ, ಅವರ ವಿಳಾಸ ಹಿಡಿದು ನೇರವಾಗಿ ಅವರನ್ನೇ ಕರೆಯುತ್ತದೆ. ಅದು ಮಾತಾಡುವುದು ಬ್ಲೂಟೂತ್ ಎಂಬ ರೇಡಿಯೋದಲ್ಲಿ, ಪ್ರತಿ ಬ್ಲೂಟೂತ್ ಸಾಧನಕ್ಕೂ 48 ಬಿಟ್‌ಗಳ ಒಂದು ವಿಳಾಸವಿರುತ್ತದೆ. ಕೆಳಗಿನ ಮನೆಯ ಗೇಮ್ ಪೆಟ್ಟಿಗೆ ಅರೆನಿದ್ದೆಯಲ್ಲಿ ಕಿವಿ ತೆರೆದುಕೊಂಡೇ ಇತ್ತು. ಕರೆ ಕೇಳಿ ಎದ್ದಿತು. ಎದ್ದದ್ದೇ ಎಚ್‌ಡಿಎಂಐ ವೈರಿನ ಮೂಲಕ ಟಿವಿಯನ್ನೂ ಎಬ್ಬಿಸಿತು. ನಡುವೆ ಒಂದು ತಾರಸಿ ಇತ್ತು ನಿಜ. ಆದರೆ ಬಯಲಿನಲ್ಲಿ ಸುಮಾರು 10 ಮೀಟರ್ ಹೋಗುವ ರೇಡಿಯೋಗೆ ಒಂದು ತಾರಸಿ ದಾಟುವುದು ಅಂಥ ದೊಡ್ಡ ಮಾತಲ್ಲ.

"ಕಂಟ್ರೋಲರ್ ಕನೆಕ್ಟ್ ಆಗ್ತಿಲ್ಲ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಒಂದು ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಪರಿಚಯವೇ ಆಗದಿರಬಹುದು. ಪರಿಚಯವಾಗಿದ್ದೂ ಗದ್ದಲದಲ್ಲಿ ಮಾತು ಕೇಳಿಸದಿರಬಹುದು. ಕೇಳಿಸಿದರೂ ಭಾಷೆ ತಿಳಿಯದಿರಬಹುದು. ಯಾವುದು ಅಂತ ಗೊತ್ತಾಗದೆ ಬ್ಯಾಟರಿ ತೆಗೆದು ಹಾಕುವುದು, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡುವುದು, ಎರಡು ತಟ್ಟು ತಟ್ಟುವುದು ನಡೆದೇ ಇರುತ್ತದೆ. ನಾನೂ ತಟ್ಟಿದವನೇ.

ಮೊದಲು ಪರಿಚಯದ ವಿಷಯ. ಹಳೆಯ ನಂಟು ಬಿಡಿಸಿ ಹೊಸದು ಕಟ್ಟಬೇಕಾದರೆ ಕಂಟ್ರೋಲರ್ ಅನ್ನು ಪೇರಿಂಗ್ ಸ್ಥಿತಿಗೆ ತರಬೇಕು. ಪ್ಲೇಸ್ಟೇಷನ್ 4 ಎಂಬ ಗೇಮ್ ಪೆಟ್ಟಿಗೆಯ ಕಂಟ್ರೋಲರ್‌ನಲ್ಲಿ ಶೇರ್ ಬಟನ್ ಮತ್ತು ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಕೆಲವು ಸೆಕೆಂಡ್ ಅದುಮಿ ಹಿಡಿದರೆ ದೀಪ ಬೇಗ ಬೇಗ ಮಿನುಗಲು ಶುರುವಾಗುತ್ತದೆ. ಮೈಕ್ರೋಸಾಫ್ಟ್‌ನ ಗೇಮ್ ಪೆಟ್ಟಿಗೆಯಾದ ಎಕ್ಸ್‌ಬಾಕ್ಸ್‌ನ ಕಂಟ್ರೋಲರ್‌ನ ಮೇಲಂಚಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ಬಟನ್ ಇದೆ. ಆ ಮಿನುಗು ಅಂದರೆ "ನಾನು ಹೊಸಬರಿಗೂ ಸಿಗುತ್ತೇನೆ" ಎಂದು ಅರ್ಥ.

ಈಗ ಲ್ಯಾಪ್‌ಟಾಪ್ ಹುಡುಕಬೇಕು. ಪರದೆಯ ಮೇಲೆ ಚಕ್ರ ತಿರುಗುತ್ತಾ ಕೂರುತ್ತದಲ್ಲ, ಅದು ಯಾಕೆ ಅಷ್ಟು ಹೊತ್ತು? ಇಬ್ಬರೂ ಜಾಗ ಬದಲಿಸುತ್ತಾ ಇರುತ್ತಾರೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಇಬ್ಬರು ಒಬ್ಬರನ್ನೊಬ್ಬರು ಹುಡುಕಿದ ಹಾಗೆ. ಹುಡುಕುವವನು 32 ರೇಡಿಯೋ ಚಾನೆಲ್‌ಗಳಲ್ಲಿ ಬೇಗ ಬೇಗ ಕೂಗುತ್ತಾ ಓಡುತ್ತಾನೆ, ಕೇಳುವವನು ನಿಧಾನವಾಗಿ ಒಂದೊಂದರಲ್ಲಿ ನಿಂತು ಆಲಿಸುತ್ತಾನೆ. ಎಲ್ಲೋ ಒಂದು ಕಡೆ ಇಬ್ಬರೂ ಎದುರಾಗಬೇಕು. ಇಂಥ ಒಂದು ಪೂರ್ತಿ ಹುಡುಕಾಟಕ್ಕೆ ಬ್ಲೂಟೂತ್ ನಿಯಮ ಇಟ್ಟಿರುವ ಅವಧಿ 10.24 ಸೆಕೆಂಡ್. ಐದೇ ಸೆಕೆಂಡಿಗೆ ಬೇಸತ್ತು ರದ್ದು ಮಾಡಿದರೆ ನಷ್ಟ ನಮಗೇ.

ಎದುರಾದ ಮೇಲೆ, ಇಬ್ಬರ ಮಾತು ಬೇರೆಯವರಿಗೆ ತಿಳಿಯದಂತೆ ಬೀಗ ಹಾಕಲು ಒಂದು ಗುಟ್ಟಿನ ಕೀಲಿ ಹುಟ್ಟಬೇಕು. 2007ರಲ್ಲಿ ಬಂದ ಬ್ಲೂಟೂತ್ 2.1ರಿಂದ ಈ ಕೆಲಸ ಸೊಗಸಾಗಿ ನಡೆಯುತ್ತದೆ. ಎರಡೂ ಕಡೆಯವರು ಒಂದೊಂದು ಗುಟ್ಟಿನ ಸಂಖ್ಯೆ ಇಟ್ಟುಕೊಂಡು, ಅದರಿಂದ ಲೆಕ್ಕ ಹಾಕಿದ ಇನ್ನೊಂದು ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡು ಕೂತವನು ಗುಟ್ಟಿನ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಲಾರ. ಇವರಿಬ್ಬರು ಮಾತ್ರ ತಮ್ಮ ಗುಟ್ಟಿಗೆ ಎದುರಿನವನ ಸಂಖ್ಯೆ ಸೇರಿಸಿ ಒಂದೇ ಉತ್ತರಕ್ಕೆ ಬರುತ್ತಾರೆ. ಆ ಉತ್ತರದಿಂದಲೇ ಕೀಲಿ. ಕೀಬೋರ್ಡ್ ಪೇರ್ ಮಾಡುವಾಗ ಎಷ್ಟೋ ಸಲ ಪರದೆ ಮೇಲಿನ ಅಂಕಿಗಳನ್ನು ಒತ್ತಲು ಹೇಳುತ್ತಾರೆ. ನಡುವೆ ಬೇರೆ ಯಾರೂ ಸೇರಿಕೊಂಡಿಲ್ಲ ಎಂದು ಖಚಿತ ಮಾಡಿಕೊಳ್ಳುವುದಕ್ಕೆ ಅದು. ಕಂಟ್ರೋಲರ್‌ಗೆ ಪರದೆಯೂ ಇಲ್ಲ, ಅಂಕಿಗಳೂ ಇಲ್ಲ. ಆದ್ದರಿಂದ ಆ ಪರೀಕ್ಷೆಯನ್ನು ಬಿಟ್ಟುಬಿಡುತ್ತಾರೆ. ನನಗಂತೂ ಇದು ಸರಿಯಾದ ವ್ಯವಹಾರವೇ ಅನಿಸುತ್ತದೆ. ಕೀಬೋರ್ಡಿನಲ್ಲಿ ಪಾಸ್‌ವರ್ಡ್ ಹೋಗುತ್ತದೆ. ಕಂಟ್ರೋಲರ್‌ನಲ್ಲಿ ಹೋಗುವುದು ಚೆಂಡನ್ನು ಎತ್ತ ಒದ್ದೆ ಎಂಬುದು.

ಪರಿಚಯದಲ್ಲೇ ಮುಗ್ಗರಿಸುವ ಇನ್ನೊಂದು ಗುಂಪಿದೆ, ಎಷ್ಟು ಹುಡುಕಿದರೂ ಸಿಗದವು. ಯಾಕೆಂದರೆ ಅವು ಬ್ಲೂಟೂತ್ ಸಾಧನಗಳೇ ಅಲ್ಲ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರ ವೈರ್‌ಲೆಸ್ ಕಂಟ್ರೋಲರ್ ಮೈಕ್ರೋಸಾಫ್ಟ್‌ನದೇ ಆದ ಬೇರೆ ರೇಡಿಯೋ ಪದ್ಧತಿ ಬಳಸುತ್ತದೆ. ಅದನ್ನು ಕಂಪ್ಯೂಟರ್‌ಗೆ ಸೇರಿಸಲು ಬೇರೆಯೇ ಒಂದು ರಿಸೀವರ್ ಬೇಕು. ಎಕ್ಸ್‌ಬಾಕ್ಸ್ ಒನ್‌ನ ಮೊದಲ ಕಂಟ್ರೋಲರ್‌ಗಳೂ ಹೀಗೆಯೇ. 2016ರಲ್ಲಿ ಒನ್ ಎಸ್ ಜೊತೆ ಬಂದದ್ದರಲ್ಲಿ ಬ್ಲೂಟೂತ್ ಸೇರಿತು. ಇವನ್ನು ಗುರುತಿಸುವುದು ಸುಲಭ. ನಡುವಿನ ಎಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್ ಮುಂಭಾಗದ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದೆ. ಮೇಲಿನಿಂದ ಹೊಳೆಯುವ ಬೇರೆ ಪ್ಲಾಸ್ಟಿಕ್ ಇಳಿದು ಬಟನ್ ಅನ್ನು ಸುತ್ತುವರಿದಿದ್ದರೆ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೊಂದು ನೋಡಿಕೊಂಡರೆ ಒಂದು ಭಾನುವಾರ ಉಳಿಯುತ್ತದೆ.

ಹಿಂದೆ ಈ ಪರಿಚಯದ ಕಟ್ಟುಪಾಡೇ ಇಲ್ಲದ ಕಾಲವಿತ್ತು. 2002ರಲ್ಲಿ ನಿಂಟೆಂಡೋ ತಂದ ವೇವ್‌ಬರ್ಡ್ ಕಂಟ್ರೋಲರ್‌ನಲ್ಲಿ 1ರಿಂದ 16ರವರೆಗೆ ಅಂಕಿಗಳ ಒಂದು ಪುಟ್ಟ ಚಕ್ರವಿತ್ತು, ರಿಸೀವರ್‌ನಲ್ಲೂ ಅಂಥದ್ದೇ ಒಂದು. ಎರಡರಲ್ಲೂ ಒಂದೇ ಅಂಕಿ ಇಟ್ಟರೆ ಮುಗಿಯಿತು. ಪಕ್ಕದವನ ಅಂಕಿಯೂ ಅದೇ ಆಗಿದ್ದರೆ ಜಗಳ.

ಈಗ ಗದ್ದಲದ ಕಡೆ ಬರೋಣ. ನನಗೆ ಅತಿ ಇಷ್ಟವಾದ ಭಾಗ ಇದು.

ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ತರಂಗಗಳ ಪಟ್ಟಿಯಲ್ಲಿ. ಅದನ್ನು ಗೋಮಾಳ ಅನ್ನಬಹುದು. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ ಕೈಗಾರಿಕೆ, ವಿಜ್ಞಾನ, ವೈದ್ಯಕೀಯದ ಉಪಕರಣಗಳಿಗೆಂದು ಈ ಜಾಗವನ್ನು ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆ ಅಡುಗೆ ಬಿಸಿ ಮಾಡುವುದೂ ಇಲ್ಲೇ, 2.45 ಗಿಗಾಹರ್ಟ್ಸ್‌ನಲ್ಲಿ. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳು ಈ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಎಂಬ ನಿಯಮ ಬಂದದ್ದು 2005ರಲ್ಲಿ. ಗೋಮಾಳ ಅಂದಮೇಲೆ ಎಲ್ಲರ ದನವೂ ಬರುತ್ತದೆ. ವೈಫೈ, ಬ್ಲೂಟೂತ್ ಇಯರ್‌ಫೋನ್, ವೈರ್‌ಲೆಸ್ ಮೌಸ್, ಪಕ್ಕದ ಮನೆಯ ವೈಫೈ, ಅದರ ಪಕ್ಕದ ಮನೆಯದು.

ಇಂಥ ಕಡೆ 2.5 ಮಿಲಿವಾಟ್ ಆಸುಪಾಸಿನ ಒಂದು ಪಿಸುಮಾತು ಹೇಗೆ ಬದುಕುತ್ತದೆ? ಕುಂಟೆಬಿಲ್ಲೆ ಆಡಿ.

ಬ್ಲೂಟೂತ್ ಈ ಗೋಮಾಳದಲ್ಲಿ 79 ಮನೆ, ಅಂದರೆ ಚಾನೆಲ್, ಬರೆದುಕೊಂಡಿದೆ. ಒಂದೊಂದು ಮನೆ 1 ಮೆಗಾಹರ್ಟ್ಸ್ ಅಗಲ. ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. ಸೆಕೆಂಡಿಗೆ 1600 ಬಾರಿ ಮನೆಯಿಂದ ಮನೆಗೆ ಕುಪ್ಪಳಿಸುತ್ತದೆ. ಒಂದು ಮನೆಯಲ್ಲಿ ಇರುವುದು 625 ಮೈಕ್ರೋಸೆಕೆಂಡ್. ಅಲ್ಲಿ ಗದ್ದಲವಿದ್ದು ಮಾತು ಹಾಳಾಯಿತೋ, ಮುಂದಿನ ಮನೆಯಲ್ಲಿ ಅದನ್ನೇ ಮತ್ತೆ ಹೇಳಿದರಾಯಿತು. ಕುಪ್ಪಳಿಸುವ ಸಾಲು ಮೇಲ್ನೋಟಕ್ಕೆ ತಲೆಬುಡ ಇಲ್ಲದ್ದು. ಆದರೆ ಕಂಪ್ಯೂಟರಿನ ವಿಳಾಸ ಮತ್ತು ಅದರ ಗಡಿಯಾರ ಗೊತ್ತಿದ್ದರೆ ಮುಂದಿನ ಮನೆ ಯಾವುದೆಂದು ಲೆಕ್ಕ ಹಾಕಬಹುದು. ಕಂಟ್ರೋಲರ್ ಅದನ್ನೇ ಮಾಡುತ್ತದೆ. ಸಂಪರ್ಕ ಆಯಿತು ಅಂದರೆ ನಿಜವಾಗಿ ಆದದ್ದು ಇಷ್ಟು: ಇಬ್ಬರ ಗಡಿಯಾರವೂ ಒಂದಾಯಿತು, ಇಬ್ಬರೂ ಒಂದೇ ಕ್ಷಣಕ್ಕೆ ಒಂದೇ ಮನೆಗೆ ಹಾರುತ್ತಿದ್ದಾರೆ. ಆ ಸಾಲು ತಿರುಗಿ ಮೊದಲಿಗೆ ಬರಲು 23 ಗಂಟೆಗೂ ಜಾಸ್ತಿ ಬೇಕು.

ಕುಂಟೆಬಿಲ್ಲೆಯಲ್ಲಿ ಬಿಲ್ಲೆ ಬಿದ್ದ ಮನೆಯನ್ನು ತುಳಿಯುವ ಹಾಗಿಲ್ಲ, ಅಲ್ವಾ? ಇಲ್ಲೂ ಆ ನಿಯಮ ಬಂತು, 2003ರ ಬ್ಲೂಟೂತ್ 1.2ರಲ್ಲಿ. ಒಂದು ವೈಫೈ ಸುಮಾರು 20 ಮನೆಗಳಷ್ಟು ಅಗಲ ಮಲಗಿರುತ್ತದೆ. ಅಲ್ಲಿ ಹೋದಾಗಲೆಲ್ಲ ಮಾತು ಕೆಡುತ್ತಿದೆ ಎಂದು ಗೊತ್ತಾದರೆ ಆ ಮನೆಗಳನ್ನು ಬಿಟ್ಟು ಉಳಿದವುಗಳಲ್ಲೇ ಆಟ ನಡೆಯುತ್ತದೆ.

ಹೀಗೆ ಕುಪ್ಪಳಿಸುವ ರೇಡಿಯೋದ ಮಾತು ಬಂದಾಗ ಹೆಡಿ ಲಮಾರ್ ಹೆಸರು ಬಂದೇ ಬರುತ್ತದೆ. ಹಾಲಿವುಡ್ ನಟಿ. ಸಂಗೀತಗಾರ ಜಾರ್ಜ್ ಆಂಥೀಲ್ ಜೊತೆ ಸೇರಿ 1942ರಲ್ಲಿ ಪೇಟೆಂಟ್ ಪಡೆದರು. ನೀರೊಳಗೆ ಹೋಗುವ ಟಾರ್ಪಿಡೋವನ್ನು ರೇಡಿಯೋದಿಂದ ನಡೆಸುವಾಗ ಶತ್ರು ಅಡ್ಡಿ ಮಾಡಬಾರದು, ಅದಕ್ಕೆ ಎರಡೂ ಕಡೆ ಒಂದೇ ತರಹ ತೂತು ಕೊರೆದ ಪಿಯಾನೋ ಸುರುಳಿ (ತಾನೇ ನುಡಿಯುವ ಪಿಯಾನೋಗೆ ಹಾಕುವ ಕಾಗದದ ಸುರುಳಿ) ಇಟ್ಟು, 88 ತರಂಗಗಳ ನಡುವೆ ಹಾರುವುದು. ಪಿಯಾನೋದ ಮನೆಗಳೂ 88. ಬ್ಲೂಟೂತ್ ಕಂಡುಹಿಡಿದದ್ದೇ ಲಮಾರ್ ಎಂದು ಹಲವರು ಬರೆಯುತ್ತಾರೆ. ಅದು ಉತ್ಪ್ರೇಕ್ಷೆ. ಈ ಯೋಚನೆ ಬೇರೆಯವರಿಗೂ ಹೊಳೆದಿತ್ತು. ಆದರೆ ಆ ಪಿಯಾನೋ ಸುರುಳಿಯ ಉಪಾಯಕ್ಕೆ ನಾನಂತೂ ತಲೆಬಾಗುತ್ತೇನೆ.

ಇಷ್ಟೆಲ್ಲ ಇದ್ದೂ ಆಟದ ನಡುವೆ ಕಂಟ್ರೋಲರ್ ತಡವರಿಸುತ್ತದೆಯೇ? ಲ್ಯಾಪ್‌ಟಾಪ್‌ನ ಯುಎಸ್‌ಬಿ ತೂತುಗಳನ್ನು ನೋಡಿ. ಎಷ್ಟೋ ಕಡೆ ಒಳಗೆ ನೀಲಿ ಬಣ್ಣವಿರುವುದು ಯುಎಸ್‌ಬಿ 3. ಅದರಲ್ಲಿ ಹಾರ್ಡ್ ಡಿಸ್ಕ್ ಓಡುತ್ತಿದ್ದರೆ 2.4 ಗಿಗಾಹರ್ಟ್ಸ್‌ನಲ್ಲೂ ರೇಡಿಯೋ ಗದ್ದಲ ಏಳುತ್ತದೆ. ಇದನ್ನು 2012ರಲ್ಲಿ ಇಂಟೆಲ್ ಕಂಪನಿಯೇ ಅಳೆದು ಬರೆದಿದೆ. ಕಂಪ್ಯೂಟರ್‌ಗೆ ಬ್ಲೂಟೂತ್ ಕೊಡಲು ಯುಎಸ್‌ಬಿಗೆ ಚುಚ್ಚುವ ಪುಟ್ಟ ಡಾಂಗಲ್ ಅನ್ನು ಅದರ ಪಕ್ಕದಲ್ಲೇ ಚುಚ್ಚಿದರೆ ಡೋಲು ಬಾರಿಸುವವನ ಪಕ್ಕ ಕೂತು ಪಿಸುಮಾತು ಕೇಳಿದ ಹಾಗೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಹಾಕಿ ಡಾಂಗಲ್ ಅನ್ನು ದೂರ ಎಳೆದರೆ ಸಾಕು. ಮೇಜಿನ ಕೆಳಗಿನ ಸಿಪಿಯು ಡಬ್ಬದ ಬೆನ್ನಿಗೆ ಚುಚ್ಚಿದ್ದರೆ ಮುಂದಕ್ಕೆ ತನ್ನಿ. ನಮ್ಮ ಮೈ ಕೂಡ ಒಂದು ಅಡ್ಡಗೋಡೆಯೇ. ಅದರಲ್ಲಿ ತುಂಬಿರುವ ನೀರು ಈ ತರಂಗಗಳನ್ನು ಹೀರುತ್ತದೆ.

ಅದೇ ಬ್ಲೂಟೂತ್‌ಗೆ ಹೆಡ್‌ಫೋನ್ ಕೂಡ ಸೇರಿಸಿದ್ದರೆ ಎರಡಕ್ಕೂ ಹಂಚಿಕೊಳ್ಳಲು ಇರುವುದು ಒಂದೇ ಸಮಯ. ಹಾಡು ಜಾಸ್ತಿ ತಿನ್ನುತ್ತದೆ, ಆಟ ಕಾಯುತ್ತದೆ. ತಡವಾಗುತ್ತಿದೆ ಎಂದು ಗೊಣಗುವ ಮೊದಲು ಪರದೆಯನ್ನೂ ಅನುಮಾನಿಸಿ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೇ ಸುಮಾರು 16.7 ಮಿಲಿಸೆಕೆಂಡ್ ಹೋಗುತ್ತದೆ. ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂತರೆ ಅದರ ಮೇಲೆ ಇನ್ನಷ್ಟು. ಬೈಗುಳ ಮಾತ್ರ ವೈರ್ ಇಲ್ಲದ ಕಂಟ್ರೋಲರ್‌ಗೆ.

ನಮ್ಮ ಹುಡುಗನ ಕತೆಗೆ ವಾಪಸ್ ಬಂದರೆ, ಎರಡು ಬಟನ್ ಅದುಮಿ ಹಿಡಿದು ಪೇರ್ ಮಾಡಿದ್ದಾಯಿತು. ಲ್ಯಾಪ್‌ಟಾಪ್ "ಕನೆಕ್ಟೆಡ್" ಎಂದು ತೋರಿಸಿತು. ಆಟ ತೆರೆದ. ಆಟಗಾರ ಕಂಬದ ಹಾಗೆ ನಿಂತಿದ್ದ. "ಮಾಮ, ಇದು ಸುಳ್ಳು ಹೇಳ್ತಿದೆ" ಅಂದ.

ಸುಳ್ಳಲ್ಲ. ಇದು ಭಾಷೆಯ ತೊಂದರೆ. ಕಂಟ್ರೋಲರ್ ಸೇರಿದ ಕೂಡಲೇ ತನ್ನ ಬಗ್ಗೆ ಒಂದು ಪಟ್ಟಿ ಒಪ್ಪಿಸುತ್ತದೆ: ನನ್ನಲ್ಲಿ ಇಷ್ಟು ಬಟನ್, ಬೆರಳಿನಿಂದ ವಾಲಿಸುವ ಇಷ್ಟು ಕಡ್ಡಿ, ಒಂದೊಂದಕ್ಕೂ ಇಷ್ಟರಿಂದ ಇಷ್ಟರವರೆಗೆ ಅಂಕಿ. ಮೌಸ್, ಕೀಬೋರ್ಡ್ ಕೂಡ ಹೀಗೇ ಹೇಳಿಕೊಳ್ಳುತ್ತವೆ. ಪ್ಲೇಸ್ಟೇಷನ್ 4ರ ಕಂಟ್ರೋಲರ್ ತನ್ನ ಕಡ್ಡಿಯ ಜಾಗವನ್ನು 0ಯಿಂದ 255ರೊಳಗಿನ ಅಂಕಿಯಾಗಿ ಕಳಿಸುತ್ತದೆ. ಬಿಟ್ಟಾಗ ನಡುವೆ, ಸುಮಾರು 128. ಸುಮಾರು ಅಂದೆ, ಯಾಕೆಂದರೆ ಬೆರಳು ತೆಗೆದ ಮೇಲೂ ಕಡ್ಡಿ ಸರಿಯಾಗಿ ನಡುವೆ ನಿಲ್ಲುವುದಿಲ್ಲ. ಆದ್ದರಿಂದ ನಡುವಿನ ಸ್ವಲ್ಪ ಜಾಗವನ್ನು ಆಟಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿಂಡೋಸ್ ಈ ಪಟ್ಟಿಯನ್ನೆಲ್ಲ ಓದಿಕೊಳ್ಳುತ್ತದೆ. ಆದರೆ ಬಹಳಷ್ಟು ಆಟಗಳು ಕೇಳುವುದು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ತಂದ ಎಕ್ಸ್‌ಇನ್‌ಪುಟ್ ಎಂಬ ಭಾಷೆಯನ್ನು ಮಾತ್ರ. ಬೇರೆ ಕಂಪನಿಯ ಕಂಟ್ರೋಲರ್ ಎಷ್ಟು ಕಿರುಚಿದರೂ ಅವಕ್ಕೆ ಕಿವುಡು.

ಇದನ್ನು ಪರೀಕ್ಷಿಸಲು ಒಂದು ಹಳೆಯ ಕಿಟಕಿ ಈಗಲೂ ಇದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜೆ-ಓ-ವೈ, ಚುಕ್ಕಿ, ಸಿ-ಪಿ-ಎಲ್ ಎಂದು ಟೈಪ್ ಮಾಡಿ. ಅಲ್ಲಿ ಕಂಟ್ರೋಲರ್‌ನ ಹೆಸರು ಹಿಡಿದು ಪರೀಕ್ಷೆಯ ಪುಟಕ್ಕೆ ಹೋದರೆ, ಬಟನ್ ಒತ್ತಿದಂತೆ ಕೆಂಪು ದೀಪಗಳು ಹತ್ತುತ್ತವೆ. ಅಲ್ಲಿ ಹತ್ತಿ, ಆಟದಲ್ಲಿ ಮಾತ್ರ ಕೆಲಸ ಮಾಡದಿದ್ದರೆ ರೇಡಿಯೋ ತಪ್ಪಿಲ್ಲ. ಬೇಕಾಗಿರುವುದು ದುಭಾಷಿ. ಸ್ಟೀಮ್‌ನಂಥ ಆಟದಂಗಡಿಯಲ್ಲೇ ಅಂಥ ದುಭಾಷಿ ಇರುತ್ತಾನೆ. ಅವನು ಇದರ ಮಾತನ್ನು ಎಕ್ಸ್‌ಬಾಕ್ಸ್ ಭಾಷೆಗೆ ತಿರುಗಿಸುತ್ತಾನೆ. ಆದರೆ ಕೆಲವು ಆಟಗಳಿಗೆ ಎರಡೂ ಭಾಷೆ ಬರುತ್ತದೆ. ಆಗ ಮೂಲ ಮಾತೂ ಕೇಳಿ, ಅನುವಾದವೂ ಕೇಳಿ, ಒಂದು ಸಲ ಒತ್ತಿದರೆ ಎರಡು ಸಲ ಜಿಗಿಯುತ್ತದೆ. ಮೆನುವಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಹಾರುತ್ತಿದ್ದರೆ ದುಭಾಷಿಯನ್ನು ಮನೆಗೆ ಕಳಿಸಿ.

ದುಭಾಷಿ ಬಂದ, ಆಟ ನಡೆಯಿತು. ಒಂದು ವಾರ ಶಾಂತಿ. ಆಮೇಲೆ ಒಂದು ಮಧ್ಯಾಹ್ನ ಕಂಟ್ರೋಲರ್ ಮತ್ತೆ ಲ್ಯಾಪ್‌ಟಾಪ್ ಮರೆತಿತು. ವಿಚಾರಿಸಿದರೆ, ಹಿಂದಿನ ದಿನ ಇವನು ಅದನ್ನು ಕೆಳಗೆ ಒಯ್ದು, ಅವರ ಪೆಟ್ಟಿಗೆಗೇ ವೈರ್ ಚುಚ್ಚಿ ಚಾರ್ಜ್ ಮಾಡುತ್ತಾ ಇಬ್ಬರೂ ಆಡಿದ್ದಾರೆ. ಇಂಥ ಪೆಟ್ಟಿಗೆಗಳಿಗೆ ವೈರ್ ಕೂಡ ಪರಿಚಯದ ದಾರಿ. ಚುಚ್ಚಿ ನಡುವಿನ ಬಟನ್ ಒತ್ತಿದರೆ ಪೆಟ್ಟಿಗೆ ತನ್ನ ವಿಳಾಸವನ್ನು ಕಂಟ್ರೋಲರ್‌ನೊಳಗೆ ಬರೆದುಬಿಡುತ್ತದೆ. ಒಂದೇ ವಿಳಾಸಕ್ಕೆ ಜಾಗವಿದ್ದರೆ ಹಳೆಯದು ಅಳಿಸಿಹೋಗುತ್ತದೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನು ಬಟನ್ ಒತ್ತಿಯಾಗಿತ್ತು. ಅಜ್ಜಿ ಈಗ ಹೆದರುವುದಿಲ್ಲ. ಕೆಳಗಿನಿಂದಲೇ ಕೂಗಿದರು, "ಮತ್ತೆ ಒತ್ತಿದ್ಯೇನೋ? ಇರಲಿ, ಹಾಗೇ ಬಿಡು, ಸೀರಿಯಲ್ ಹೊತ್ತಾಯ್ತು."