ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ತನಕ ಕಾಯಬೇಡಿ

‘ಸರ್, ಮಗ ಪಾಸಾದ. ಸೈನ್ಸಾ, ಕಾಮರ್ಸಾ?’ ರಿಸಲ್ಟ್ ಬಂದ ವಾರ ನನಗೆ ಬರುವ ಫೋನ್‌ಗಳೆಲ್ಲ ಹೀಗೇ ಶುರುವಾಗುತ್ತವೆ. ಹೈಸ್ಕೂಲ್ ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ಮಾಡುವವನಾಗಿ ಹೇಳುತ್ತೇನೆ, ಈ ಮಾತು ಒಂಬತ್ತನೇ ಕ್ಲಾಸಿನ ದಸರಾ ರಜೆಯಲ್ಲೇ ಆಗಬೇಕು. ಆಗ ಅಡ್ಮಿಷನ್ ಗಡಿಬಿಡಿ ಇರುವುದಿಲ್ಲ.

ಸುಮ್ನೆ ಮಾತಾಡಿದರೆ ಸಾಲದು. ಊರಲ್ಲೇ ಇರುವ ಒಂದು ಕೆಲಸದ ಜಾಗದಲ್ಲಿ ಎರಡು ಮೂರು ದಿನ ಮಕ್ಕಳು ಕೂತು ನೋಡಲಿ. ಲ್ಯಾಬ್, ಪ್ರೆಸ್, ನರ್ಸರಿ, ಯಾವುದಾದರೂ ಸರಿ.

ನನಗಿಷ್ಟದ ಜಾಗ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರ್ ಬಂದರೆ ಮೇಸ್ತ್ರಿ ಹಳೇ ಕಾಯಿಲನ್ನು ಸುಮ್ನೆ ಕಿತ್ತು ಬಿಸಾಡುವುದಿಲ್ಲ. ಸುತ್ತು ಎಣಿಸುತ್ತಾರೆ, ತಂತಿಯ ಗೇಜ್ (ದಪ್ಪ) ಅಳೆಯುತ್ತಾರೆ, ತಂತಿ ಕೂರುವ ಸ್ಲಾಟುಗಳಲ್ಲಿ (ಗಾಡಿಗಳಲ್ಲಿ) ಅದು ಯಾವುದರಿಂದ ಯಾವುದಕ್ಕೆ ಹೋಗಿದೆ ಎಂದು ಗೀಟು ಹಾಕಿ ಬರೆದುಕೊಳ್ಳುತ್ತಾರೆ. ವೋಲ್ಟೇಜ್ ಇಳಿದರೆ ಮೋಟರ್ ಯಾಕೆ ಸುಡುತ್ತದೆ ಎಂದು ಕೇಳಿ ನೋಡಿ. ಹೊರೆ ಅಷ್ಟೇ ಇದ್ದು ವೋಲ್ಟೇಜ್ ಕಮ್ಮಿಯಾದರೆ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಹತ್ತನೇ ಕ್ಲಾಸಿನ ಜೂಲ್ ನಿಯಮ ಇದೇ ಅಲ್ವಾ? ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಇಲ್ಲಿ ಮೂಗಿಗೆ ಸುಟ್ಟ ವಾಸನೆಯಾಗಿ ಬಡಿಯುತ್ತದೆ.

‘ಕೆಲಸ ಹೇಗಿದೆ?’ ಎಂದು ಕೇಳಿದರೆ ‘ಪರವಾಗಿಲ್ಲಪ್ಪ’ ಅನ್ನುತ್ತಾರೆ, ಅಷ್ಟೇ. ಯಾವ ತಿಂಗಳು ಕೈತುಂಬ ಕೆಲಸ, ಯಾವ ತಿಂಗಳು ಖಾಲಿ? ಕಲಿಯಲು ಎಷ್ಟು ವರ್ಷ ಹಿಡಿಯಿತು? ಸೊಂಟ, ಕಣ್ಣು ಹೇಗಿವೆ? ಇಂಥವನ್ನು ಕೇಳಲಿ, ನೋಟ್‌ಬುಕ್ಕಿನಲ್ಲಿ ಬರೆದಿಡಲಿ.

‘ಐಟಿಐ ದಡ್ಡರಿಗೆ’ ಅನ್ನುವ ಅಪ್ಪ ಅಮ್ಮಂದಿರು ಇನ್ನೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ತಮಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯ ಟೂಲ್ ಅಂಡ್ ಡೈ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಸುವ) ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಬಿಡದಿಯಲ್ಲಿ ಟೊಯೋಟಾ 2007ರಲ್ಲಿ ಶುರುಮಾಡಿದ ತರಬೇತಿ ಸಂಸ್ಥೆ ಹತ್ತನೇ ಕ್ಲಾಸ್ ಮುಗಿಸಿದ, ಅನುಕೂಲ ಕಮ್ಮಿ ಇರುವ ಮನೆಯ ಮಕ್ಕಳನ್ನೇ ತೆಗೆದುಕೊಳ್ಳುತ್ತದೆ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತರಿಂದಲೇ ಐಟಿ, ಆಟೊಮೊಬೈಲ್‌ನಂಥ ವೃತ್ತಿ ವಿಷಯಗಳಿವೆ. ನಿಮ್ಮ ಶಾಲೆಯಲ್ಲಿದೆಯಾ ಎಂದು ಹೆಡ್‌ಮಾಸ್ಟರನ್ನು ಕೇಳಿ.

ಒಂದು ಎಚ್ಚರ. ನೋಡುವುದು ಬೇರೆ, ದುಡಿಯುವುದು ಬೇರೆ. ಕೆಲಸಕ್ಕೆ ಸೇರಿ ಕಲಿಯುವವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕನಿಷ್ಠ ವಯಸ್ಸು 14, ಅಪಾಯದ ಕೆಲಸಕ್ಕಾದರೆ 18. ‘ಹುಡುಗ ಚುರುಕಾಗಿದ್ದಾನೆ, ರಜೆ ಮುಗಿಯೋವರೆಗೂ ಇಲ್ಲೇ ಇರಲಿ’ ಎಂದು ಮೇಸ್ತ್ರಿ ಪ್ರೀತಿಯಿಂದಲೇ ಹೇಳಬಹುದು. ನಯವಾಗಿ ಬೇಡ ಎಂದು ಹೇಳಿ ಕರೆದುಕೊಂಡು ಬನ್ನಿ.