ವಂತಿಗೆ, ದೇಣಿಗೆ, ಡೊನೇಷನ್: ಮಕ್ಕಳ ಶಾಲೆಗೆ ಮನೆಯವರು ಕೊಡುತ್ತಾ ಬಂದ ಕತೆ

ಊರಿನ ಸರ್ಕಾರಿ ಶಾಲೆಯ ಆಫೀಸ್ ರೂಮಿಗೆ ಹೋದಾಗ ಸುಮ್ನೆ ಒಂದು ಸುತ್ತು ಕಣ್ಣು ಹಾಯಿಸಿ. ಬೀರುವಿನ ಬಾಗಿಲ ಮೇಲೆ ಪೇಂಟಿನಲ್ಲಿ ಬರೆದ ಹೆಸರು. ಗೋಡೆ ಗಡಿಯಾರದ ಕೆಳಗೆ ‘ತಾಯಿಯವರ ಸ್ಮರಣಾರ್ಥ’. ಫ್ಯಾನ್ ನಿಂತಿದ್ದರೆ ಅದರ ರೆಕ್ಕೆಯ ಮೇಲೂ ಒಂದು ಹೆಸರು ಓದಬಹುದು. ಅಡುಗೆ ಕೋಣೆಗೆ ಹೋದರೆ ಸ್ಟೀಲ್ ತಟ್ಟೆಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು. ಮದುವೆಗೆ ಉಡುಗೊರೆ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುತ್ತೇವಲ್ಲ, ಹಾಗೆಯೇ.

ಈ ಹೆಸರುಗಳಲ್ಲಿ ದೊಡ್ಡ ಶ್ರೀಮಂತರು ಕಡಿಮೆ. ಹೆಚ್ಚಿನವರು ಅದೇ ಶಾಲೆಗೆ ಮಗನನ್ನೋ ಮಗಳನ್ನೋ ಕಳಿಸಿದವರು, ಇಲ್ಲವೇ ತಾವೇ ಅಲ್ಲಿ ಓದಿದವರು. ಸರ್ಕಾರ ಸಂಬಳ ಕೊಡುತ್ತದೆ, ಪುಸ್ತಕ ಕೊಡುತ್ತದೆ, ಊಟವನ್ನೂ ಕೊಡುತ್ತದೆ. ಆದರೂ ಇವರು ಕೈಯಿಂದ ಯಾಕೆ ಕೊಡುತ್ತಾರೆ? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ಊರುಗಳಲ್ಲಿ ಇದ್ದದ್ದು ಐಗಳ ಮಠ, ಕೂಲಿಮಠ. ಹೆಸರಲ್ಲೇ ಕೂಲಿ ಇದೆ. ಮೇಷ್ಟ್ರ ಹೊಟ್ಟೆ ತುಂಬಬೇಕಿದ್ದದ್ದು ಮಕ್ಕಳ ಮನೆಯಿಂದ. ಒಬ್ಬರು ಭತ್ತ ಕೊಟ್ಟರೆ ಇನ್ನೊಬ್ಬರು ರಾಗಿ, ಮತ್ತೊಬ್ಬರು ನಾಲ್ಕು ಕಾಸು. ಕರಾವಳಿಯಲ್ಲಿ ನವರಾತ್ರಿ ಬಂತೆಂದರೆ ಐಗಳು, ಅಂದರೆ ಮೇಷ್ಟ್ರು, ಮಕ್ಕಳ ಕೈಗೆ ಹೂವಿನಿಂದ ಅಲಂಕರಿಸಿದ ಕೋಲು ಕೊಟ್ಟು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಜಗಲಿಯಲ್ಲಿ ನಿಂತು ಪದ್ಯ ಹೇಳಿ, ಆ ಮನೆಗೆ ಒಳ್ಳೆಯದಾಗಲಿ ಅಂತ ಹಾರೈಸುತ್ತಿದ್ದರು. ಮನೆಯವರು ಅಕ್ಕಿ, ತೆಂಗಿನಕಾಯಿ, ದುಡ್ಡು ಕೊಡುತ್ತಿದ್ದರು. ಅದೇ ‘ಹೂವಿನ ಕೋಲು’. ಇವತ್ತು ಅದು ಯಕ್ಷಗಾನದ ಒಂದು ಕಲೆಯಾಗಿ ಉಳಿದಿದೆ. ಅದರ ಬೇರಿನಲ್ಲಿ ಇರುವುದು ಮೇಷ್ಟ್ರ ವರ್ಷದ ಸಂಭಾವನೆ.

ನನಗೆ ಇದರಲ್ಲಿ ಬಹಳ ಇಷ್ಟವಾಗುವ ಸಂಗತಿ ಒಂದಿದೆ. ಕೊಡುವ ಮನೆಯವರು ಮೊದಲು ತಮ್ಮ ಮಗು ಕಲಿತದ್ದನ್ನು ಕಿವಿಯಾರೆ ಕೇಳುತ್ತಿದ್ದರು. ಆಮೇಲೆ ಅಕ್ಕಿ ಅಳೆದು ಹಾಕುತ್ತಿದ್ದರು. ಬೇಡುವುದು ಅನ್ನುವ ಸಂಕೋಚ ಅಲ್ಲಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಲೆಕ್ಕ ಬದಲಾಯಿತು. 1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಆದೇಶಪತ್ರದ ನಂತರ ಸಹಾಯಧನ ಪದ್ಧತಿ ಬಂತು. ಜನ ಒಂದು ಪಾಲು ಹಾಕಿ ಶಾಲೆ ನಡೆಸಿದರೆ ಸರ್ಕಾರ ತನ್ನ ಪಾಲು ಸೇರಿಸುತ್ತದೆ ಅನ್ನುವುದು ಅದರ ತಿರುಳು. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಶುರುವಾದಾಗಲೂ ಶಾಲೆಗೆ ಜಾಗ, ಕಟ್ಟಡ ಒದಗಿಸುವ ಹೊಣೆ ಊರಿನವರದ್ದೇ. ಹಾಗಾಗಿ ‘ವಂತಿಗೆ’ ಎತ್ತುವುದು ರೂಢಿಯಾಯಿತು. ಜಾತ್ರೆಗೆ, ಕೆರೆ ಏರಿಗೆ ಮನೆಗಿಷ್ಟು ಅಂತ ಎತ್ತುತ್ತಿದ್ದ ಹಾಗೆ ಶಾಲೆಗೂ ಎತ್ತಿದರು. ದುಡ್ಡಿಲ್ಲದವರು ಕಲ್ಲು ಹೊತ್ತರು, ಹೆಂಚು ಏರಿಸಿದರು. ಮಕ್ಕಳ ಶಾಲೆ ಊರಿನ ಆಸ್ತಿ ಅನ್ನುವ ಭಾವನೆ ಹೀಗೆ ಬೆಳೆದದ್ದು ಅಂತ ನನ್ನ ನಂಬಿಕೆ. ತನ್ನ ಕೈಯ ಕಲ್ಲು ಇರುವ ಗೋಡೆಯನ್ನು ಯಾರೂ ಪರರದ್ದು ಅನ್ನುವುದಿಲ್ಲ, ಅಲ್ವಾ?

20ನೇ ಶತಮಾನದ ಆರಂಭದಲ್ಲಿ ದೊಡ್ಡ ಕೈಗಳೂ ಸೇರಿದವು. ಶಿರಸಂಗಿಯ ಲಿಂಗರಾಜ ದೇಸಾಯಿ ಅವರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ, ಅಂದರೆ ಕರ್ನಾಟಕ ಲಿಂಗಾಯತ ಎಜುಕೇಷನ್ ಸಂಸ್ಥೆ ಕಟ್ಟಿದಾಗ ಅದನ್ನು ಬೆಳೆಸಿದ್ದು ಇಂಥ ದೇಣಿಗೆಗಳೇ. 1933ರಲ್ಲಿ ಶುರುವಾದ ಅಲ್ಲಿನ ಕಾಲೇಜಿಗೆ ಲಿಂಗರಾಜರ ಹೆಸರೇ ಇದೆ. ಇತ್ತ ಸಾಮಾನ್ಯ ಮನೆಗಳಲ್ಲಿ ‘ವಾರಾನ್ನ’ ನಡೆಯುತ್ತಿತ್ತು. ಪರ ಊರಿನಿಂದ ಓದಲು ಬಂದ ಹುಡುಗನಿಗೆ ವಾರಕ್ಕೆ ಒಂದು ದಿನ ನಮ್ಮ ಮನೆಯಲ್ಲಿ ಊಟ. ಮಾತು ಕಡಿಮೆ, ಲೆಕ್ಕವೂ ಇಲ್ಲ. ಎಷ್ಟೋ ಡಾಕ್ಟರು, ಮೇಷ್ಟ್ರು, ವಕೀಲರು ಆ ಏಳು ಮನೆಗಳ ಅನ್ನದಿಂದ ಮೇಲೆ ಬಂದರು.

ಆಮೇಲೆ ಬಂದ ಪದವೇ ‘ಡೊನೇಷನ್’. ಇಂಗ್ಲಿಷ್‌ನಲ್ಲಿ ಅದರ ಅರ್ಥ ದೇಣಿಗೆಯೇ. ಆದರೆ ಕನ್ನಡದ ಮನೆಗಳಲ್ಲಿ ‘ಡೊನೇಷನ್ ಎಷ್ಟು ಕೇಳಿದರು?’ ಅಂದರೆ ಸೀಟಿಗೆ ಎಷ್ಟು ಕೊಟ್ಟಿರಿ ಅಂತ. ಖಾಸಗಿ ವೃತ್ತಿಪರ ಕಾಲೇಜುಗಳಲ್ಲಿ ಮೊದಲು ಕೇಳಿಬಂದ ಮಾತು ಬರಬರುತ್ತಾ ಎಲ್‌ಕೆಜಿಯವರೆಗೂ ಇಳಿಯಿತು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕವನ್ನು, ಅಂದರೆ ಸೀಟಿಗಾಗಿ ಫೀ ಮೇಲೆ ವಸೂಲಿ ಮಾಡುವ ಹಣವನ್ನು, ನಿಷೇಧಿಸುವ ಕಾಯ್ದೆ ತಂತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ವಸೂಲಿ ತಪ್ಪು ಅಂತ ಹೇಳಿತು. ಅದೂ ಕರ್ನಾಟಕದಿಂದಲೇ ಹೋದ ವಿವಾದ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟ: ಮಗುವನ್ನು ಸೇರಿಸಿಕೊಳ್ಳುವಾಗ, ಪ್ರಕಟಿಸಿದ ಫೀ ಬಿಟ್ಟು ಬೇರೆ ಯಾವ ಹೆಸರಲ್ಲಿ ಹಣ ತೆಗೆದುಕೊಂಡರೂ ಅದು ಕ್ಯಾಪಿಟೇಷನ್ ಶುಲ್ಕವೇ. ತೆಗೆದುಕೊಂಡ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು.

ಇಷ್ಟಾದರೂ ಆ ಪದಕ್ಕೆ ಅಂಟಿದ ಕಹಿ ಹೋಗಿಲ್ಲ. ಒಳ್ಳೆ ಮನಸ್ಸಿನಿಂದ ಕೊಡಲು ಬಂದವರೂ ‘ಇದು ಡೊನೇಷನ್ ಅಲ್ಲ, ಶಾಲೆಗೆ ನಮ್ಮ ಕೊಡುಗೆ’ ಅಂತ ಬಿಡಿಸಿ ಹೇಳುವ ಹಾಗಾಗಿದೆ. ನಮ್ಮ ಕೊಡುವ ಪದ್ಧತಿಗೆ ಆದ ಅತಿ ದೊಡ್ಡ ನಷ್ಟ ಇದೇ.

ಸರ್ಕಾರಿ ಶಾಲೆಯ ಕಡೆ ಬೇರೆಯದೇ ಬದಲಾವಣೆ ಆಯಿತು. 2001ರಲ್ಲಿ ರಾಜ್ಯದ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಅದರ ಹೆಚ್ಚಿನ ಸದಸ್ಯರು ಪೋಷಕರೇ. ಮುಂದೆ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು ಅಂತ ಹೇಳಿತು. ಸಭೆಯಲ್ಲಿ ಕೂತು ಶಾಲೆಯ ಖರ್ಚು ನೋಡಿದ ತಾಯಿಗೆ ನಲ್ಲಿ ಯಾಕೆ ಸೋರುತ್ತಿದೆ, ದುರಸ್ತಿಗೆ ಎಷ್ಟು ಬೇಕು ಅಂತ ಗೊತ್ತಾಗುತ್ತದೆ. ಕೊಡುವ ಮನಸ್ಸು ಹುಟ್ಟುವುದು ಅಲ್ಲಿಂದ. ಮಗುವಿನ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ಬದಲು ಶಾಲೆಗೆ ಹತ್ತು ಲೋಟ ಕೊಡುವವರಿದ್ದಾರೆ. ಹಿತ್ತಲಲ್ಲಿ ಜಾಸ್ತಿ ಬೆಳೆದ ಸೌತೆಕಾಯಿ, ಬಸಳೆ, ಕರಿಬೇವನ್ನು ಬಿಸಿಯೂಟಕ್ಕೆ ಕಳಿಸುವವರಿದ್ದಾರೆ.

ಕೆಲವರು ಇದ್ದದ್ದನ್ನೆಲ್ಲ ಕೊಟ್ಟರು. ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರು ತಮ್ಮ ಜಮೀನನ್ನು ಶಾಲೆಗೆ ಬಿಟ್ಟುಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದರು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರಿಗೆ ಒಬ್ಬ ವಿದೇಶಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲು ಆಗಲಿಲ್ಲ. ಆ ನೋವನ್ನೇ ಹಿಡಿದು ತಮ್ಮ ಊರಾದ ನ್ಯೂಪಡ್ಪುವಿನ ಮಕ್ಕಳಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಬಂತು. ತನಗೆ ಸಿಗದ್ದು ಮಕ್ಕಳಿಗೆ ಸಿಗಲಿ ಅನ್ನುವುದು ಮನೆಮನೆಯ ಕಾರಣ. ಇವರಲ್ಲಿ ಅದು ಊರಷ್ಟು ಅಗಲವಾಯಿತು.

ಕೊಡುವುದಕ್ಕೆ ಒಂದು ಸೂಕ್ಷ್ಮವಿದೆ. ಅದು 2022ರ ಅಕ್ಟೋಬರ್‌ನಲ್ಲಿ ಚೆನ್ನಾಗಿ ಕಾಣಿಸಿತು. ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಸ್ವಇಚ್ಛೆಯಿಂದ ಕೊಟ್ಟರೆ ಮಾತ್ರ ಅಂತ ಇತ್ತು. ಆದರೂ ಎಲ್ಲ ಕಡೆ ವಿರೋಧ ಎದ್ದು, ಕೆಲವೇ ದಿನದಲ್ಲಿ ಸುತ್ತೋಲೆ ವಾಪಸ್ ಆಯಿತು. ಸಾವಿರಾರು ರೂಪಾಯಿಯ ಫ್ಯಾನ್ ಕೊಡುವ ಊರಿನವರಿಗೆ ನೂರು ರೂಪಾಯಿ ಭಾರವಾಯಿತೇ? ಕೂಲಿಗೆ ಹೋಗುವ ಮನೆಗೆ ಖಂಡಿತ ಭಾರ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಪ್ರತಿ ತಿಂಗಳು ಹಣ ಕೊಟ್ಟವರ ಪಟ್ಟಿ ಇದ್ದರೆ ಕೊಡದವರ ಪಟ್ಟಿಯೂ ತಾನಾಗಿ ಆಗುತ್ತದೆ. ಆ ಎರಡನೇ ಪಟ್ಟಿಯಲ್ಲಿರುವ ಮಗು ತರಗತಿಯಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಫ್ಯಾನ್ ಕೊಟ್ಟವರ ಹೆಸರು ಫ್ಯಾನಿನ ಮೇಲಿರುತ್ತದೆ. ಕೊಡದವರ ಹೆಸರು ಎಲ್ಲೂ ಇರುವುದಿಲ್ಲ.

ಊರಿನವರು ಕೊಡುವುದಕ್ಕೆ ಇನ್ನೊಂದು ಕಾರಣ ಈಚಿನದು. ಮಕ್ಕಳ ಸಂಖ್ಯೆ ಕಡಿಮೆಯಾಗಿ ಶಾಲೆಗೆ ಬೀಗ ಬೀಳುವ ಭಯ. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆಗೆ ಹಾಗೇ ಆಗುವುದರಲ್ಲಿತ್ತು. ಊರಿನ ಯುವಕರ ಸಂಘ ದತ್ತು ತೆಗೆದುಕೊಂಡು ಹೊಸ ಕಟ್ಟಡ ಕಟ್ಟಿಸಿತು, ಮಕ್ಕಳು ವಾಪಸ್ ಬಂದರು. ಕರಾವಳಿಯಲ್ಲಿ ಇಂಥ ಪ್ರಯತ್ನ ಹಲವು. ಪೋಷಕರೂ ಹಳೆ ವಿದ್ಯಾರ್ಥಿಗಳೂ ಸೇರಿ ಶಾಲಾ ವಾಹನ ಓಡಿಸುತ್ತಾರೆ, ಊರವರೇ ಇಟ್ಟುಕೊಂಡ ಗೌರವ ಶಿಕ್ಷಕರಿಗೆ ಸಂಬಳ ಹೊಂದಿಸುತ್ತಾರೆ. ಇವರ ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಶಿಕ್ಷಕರ ಸಂಬಳ ಸರ್ಕಾರದ ಕೆಲಸ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ದುಡಿಯುವ ಮಕ್ಕಳಿರುವ ಊರು ಹೇಗೋ ಹೊಂದಿಸುತ್ತದೆ. ಅರ್ಧ ಊರೇ ಗುಳೆ ಹೋಗುವ ಕಡೆ ಯಾರು ಹೊಂದಿಸಬೇಕು? ಅಲ್ಲಿನ ಪೋಷಕರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು, ಶಾಲೆ ತಪ್ಪದ ಹಾಗೆ ನೋಡಿಕೊಂಡರೆ ಅದೇ ದೊಡ್ಡ ಕೊಡುಗೆ.

ಜೂನ್ ತಿಂಗಳು ಬಂದರೆ ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಮಳೆಯ ನಡುವೆ ಪೋಷಕರ ಸಭೆ ಕೂರುತ್ತದೆ. ಹಾಜರಿ ಪುಸ್ತಕ ಪಕ್ಕಕ್ಕಿಟ್ಟು ಎಲ್ಲರೂ ಮೊದಲು ಲೆಕ್ಕ ಹಾಕುವುದು ಎರಡೇ: ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಈ ವರ್ಷ ವ್ಯಾನಿನ ಡ್ರೈವರ್ ಸಂಬಳಕ್ಕೆ ಯಾರ ಮನೆಯಿಂದ ಎಷ್ಟು.