ಸಿನಿಮಾದ ವಿಜ್ಞಾನಿ ಮತ್ತು ಬ್ಯಾಡಗಿ ಮೆಣಸಿನಕಾಯಿ

ಸಿನಿಮಾದಲ್ಲಿ ಕೆಮಿಸ್ಟ್ರಿ ಗೊತ್ತಿರೋ ಮನುಷ್ಯ ಅಂದರೆ ಕೆದರಿದ ಕೂದಲು, ಬಿಳಿ ಕೋಟು, ಮೇಜಿನ ತುಂಬ ಹಸಿರು, ನೀಲಿ, ಕೆಂಪು ನೀರು. ಹೊಗೆ ಬೇರೆ! ಒಂದನ್ನು ಇನ್ನೊಂದಕ್ಕೆ ಸುರಿಯುತ್ತಾನೆ, ಢಂ ಅನ್ನುತ್ತದೆ. ಇಲ್ಲವೇ ವಿಲನ್‌ಗೆ ವಿಷ ಮಾಡಿಕೊಡುತ್ತಾನೆ. ನನಗೆ ಸಿಟ್ಟು ಬರೋದು ಇಲ್ಲೇ. ಇಂಥ ಚಿತ್ರ ಮಕ್ಕಳ ತಲೆಯಲ್ಲಿ ಬೇಗ ಕೂತುಬಿಡುತ್ತದೆ. ವಿಜ್ಞಾನಿಯ ಚಿತ್ರ ಬರೆಯಿರಿ ಅಂತ ಮಕ್ಕಳಿಗೆ ಹೇಳಿದ ಸಂಶೋಧಕ ಡೇವಿಡ್ ಚೇಂಬರ್ಸ್ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. 4,807 ಮಕ್ಕಳಲ್ಲಿ ಮಹಿಳಾ ವಿಜ್ಞಾನಿಯನ್ನು ಬರೆದವರು ಬರೀ 28, ಅವರೆಲ್ಲ ಹುಡುಗಿಯರೇ.

ಬಣ್ಣ ಇದ್ದರೆ ಅಪಾಯ ಅನ್ನೋದೂ ಸುಳ್ಳು. ಕರ್ಚೀಫಿಗೆ ಹಾಕಿ ಮೂಗಿಗೆ ಒತ್ತುತ್ತಾರಲ್ಲ, ಆ ಕ್ಲೋರೋಫಾರ್ಮ್‌ಗೆ ಬಣ್ಣವೇ ಇಲ್ಲ. ಎರಡು ಸೆಕೆಂಡಿಗೆ ಯಾರಿಗೂ ಎಚ್ಚರ ತಪ್ಪುವುದಿಲ್ಲ, ನಿಮಿಷಗಟ್ಟಲೆ ಉಸಿರಲ್ಲಿ ಎಳೆದುಕೊಳ್ಳಬೇಕು. ಎಡಿನ್‌ಬರೋದಲ್ಲಿ ಡಾಕ್ಟರ್ ಸಿಂಪ್ಸನ್ ಅದನ್ನು ಹೆರಿಗೆ ನೋವಿಗೆ ಕೊಡಲು ಶುರು ಮಾಡಿದ್ದು 1847ರಲ್ಲಿ. ಮರು ಜನವರಿಯಲ್ಲೇ, ಕಾಲ್ಬೆರಳಿನ ಉಗುರು ತೆಗೆಸಲು ಮಲಗಿದ 15 ವರ್ಷದ ಹ್ಯಾನಾ ಗ್ರೀನರ್ ಅದನ್ನು ಕೊಟ್ಟಾಗ ತೀರಿಕೊಂಡಳು.

ಬಣ್ಣವೇ ಬೇಕು ಅಂದರೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಬನ್ನಿ. ಇಲ್ಲಿನ ಸುಕ್ಕು ಮೆಣಸಿನಕಾಯಿ ಕಡುಗೆಂಪು, ಖಾರ ಮಾತ್ರ ಕಡಿಮೆ. ಯಾಕೆಂದರೆ ಖಾರ ಕೊಡೋದು ಕ್ಯಾಪ್ಸೈಸಿನ್, ಅದಕ್ಕೆ ಬಣ್ಣ ಇಲ್ಲ. ಕೆಂಪು ಕೊಡೋದು ಕ್ಯಾಪ್ಸಾಂಥಿನ್ ಅನ್ನೋ ಬೇರೆಯೇ ಅಣು. ಅದರಲ್ಲಿ 40 ಕಾರ್ಬನ್ ಇವೆ, ಒಂದು ಬಿಟ್ಟು ಒಂದರಂತೆ 11 ಡಬಲ್ ಬಾಂಡ್‌ಗಳ (ಎರಡೆಳೆ ಬಂಧಗಳ) ಉದ್ದನೆಯ ಸರಪಳಿ ಇದೆ, ಎಲೆಕ್ಟ್ರಾನುಗಳು ಆ ಸರಪಳಿಯ ಉದ್ದಕ್ಕೂ ಹರಡಿಕೊಂಡಿರುತ್ತವೆ. ಧಾರವಾಡದಲ್ಲಿ ತಂಬೂರಿ ನೋಡದವರು ಕಡಿಮೆ, ಅಲ್ವಾ? ತಂತಿ ಉದ್ದ ಆದಷ್ಟೂ ಸ್ವರ ತಗ್ಗುತ್ತದೆ. ಹಾಗೇ ಇಲ್ಲೂ ಸರಪಳಿ ಉದ್ದ ಆದಷ್ಟೂ ಎಲೆಕ್ಟ್ರಾನುಗಳನ್ನು ಮೇಲೆಬ್ಬಿಸಲು ಕಡಿಮೆ ಶಕ್ತಿಯ ಬೆಳಕು ಸಾಕು. ಗಿಡ್ಡ ಸರಪಳಿ ಹೀರೋದು ಹೆಚ್ಚು ಶಕ್ತಿಯ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು, ಹಾಗಾಗಿ ಅಂಥ ಅಣುವಿಗೆ ಬಣ್ಣ ಕಾಣಿಸುವುದಿಲ್ಲ. ಇಷ್ಟು ಉದ್ದ ಇದ್ದರೆ ನೀಲಿ, ಹಸಿರು ಬೆಳಕನ್ನೇ ನುಂಗಿಬಿಡುತ್ತದೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. ಬಿಸಿಲು, ಗಾಳಿ ತಾಗಿ ಸರಪಳಿ ತುಂಡಾದರೆ ಬಣ್ಣ ಹೋಯಿತು. ಬ್ಯಾಡಗಿಯಲ್ಲಿ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರೋದು ಸುಮ್ನೆ ಅಲ್ಲ.

ಮೆಣಸಿನಕಾಯಿಯಿಂದ ನೊಬೆಲ್ ತನಕ ಹೋದವರೂ ಇದ್ದಾರೆ. ಹಂಗೇರಿಯ ಸೆಗೆಡ್‌ನಲ್ಲಿ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ಅವರಿಗೆ ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಪ್ಯಾಪ್ರಿಕಾ, ಅಂದರೆ ಅಲ್ಲಿನ ಮೆಣಸಿನಕಾಯಿ, ಇಟ್ಟರಂತೆ. ತಿನ್ನಲು ಮನಸ್ಸಾಗದೆ ಲ್ಯಾಬಿಗೆ ಒಯ್ದು ನೋಡಿದರೆ, ವಿಟಮಿನ್ ಸಿ ತುಂಬಿಕೊಂಡಿತ್ತು! 1937ರಲ್ಲಿ ನೊಬೆಲ್ ಬಂತು.

ಇನ್ನು ಬಣ್ಣ ಅಳೆಯುವ ಲ್ಯಾಬಿನಲ್ಲಿ ಏನು ನಡೆಯುತ್ತದೆ? ಒಣ ಮೆಣಸಿನಕಾಯಿ ಪುಡಿ ಮಾಡುತ್ತಾರೆ. ಚಿಟಿಕೆಗಿಂತ ಕಡಿಮೆ ಪುಡಿ ತೂಗಿ, ಬಣ್ಣ ಕರಗಿಸಿಕೊಳ್ಳುವ ಅಸಿಟೋನ್ ಅನ್ನೋ ದ್ರವಕ್ಕೆ ಹಾಕಿ, ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ ಇಡುತ್ತಾರೆ. ಸುಮಾರು 16 ತಾಸು ಸುಮ್ಮನೆ ಬಿಡಬೇಕು. ಮರುದಿನ ತಿಳಿಯನ್ನು ಯಂತ್ರದಲ್ಲಿಟ್ಟು 460 ನ್ಯಾನೋಮೀಟರ್‌ನ ನೀಲಿ ಬೆಳಕು ಹಾಯಿಸಿ, ಎಷ್ಟು ನುಂಗಿತು ಅಂತ ನೋಡುತ್ತಾರೆ. ಅದರಿಂದ ಬರೋದೇ ಆಸ್ಟಾ ಅಂಕಿ, ಅಂದರೆ ಮೆಣಸಿನಕಾಯಿಯ ಬಣ್ಣದ ಅಳತೆ. ಹೊಗೆ ಇಲ್ಲ, ಢಂ ಇಲ್ಲ. ಹೊರದೇಶಕ್ಕೆ ಬಣ್ಣ ಕಳಿಸುವವರು ಮೊದಲು ಕೇಳೋದು ಆ ಅಂಕಿಯನ್ನೇ.